ಕ್ಲೌಡ್‌ನಲ್ಲಿ ‘ಹೊಸ ಯೂಸರ್’ ಅಲರ್ಟ್‌ಗಳ ರಾಶಿ: ಇದರಲ್ಲಿ ಅನುಮಾನದ್ದು ಯಾವುದು ಅಂತ ಆಡಿಟ್ ಲಾಗ್‌ನಿಂದ ಹೇಗೆ ಹೇಳೋದು?

ರಾತ್ರಿಪಾಳಿ ಕೇಳಿದ್ದು:

ನಮಸ್ಕಾರ. ವ್ಯವಸ್ಥೆ ಹೀಗಿದೆ: ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಆರ್ಗನೈಸೇಷನ್ ಅಡಿ 40 ಖಾತೆ, ಒಂದು ಎಂಟ್ರಾ (ಮೈಕ್ರೋಸಾಫ್ಟ್‌ನ ಬಳಕೆದಾರರ ಡೈರೆಕ್ಟರಿ) ಟೆನೆಂಟ್, ಗೂಗಲ್ ಕ್ಲೌಡ್‌ನಲ್ಲಿ ಏಳೆಂಟು ಪ್ರಾಜೆಕ್ಟ್. ಕ್ಲೌಡ್‌ಟ್ರೇಲ್ (ಎಡಬ್ಲ್ಯೂಎಸ್‌ನಲ್ಲಿ ಯಾರು ಏನು ಮಾಡಿದ್ರು ಅನ್ನೋ ದಾಖಲೆ) ಲಾಗ್ ಎಲ್ಲಾ ಖಾತೆಗಳಿಂದ ಒಂದೇ ಎಸ್3 ಬಕೆಟ್‌ಗೆ (ಅಲ್ಲಿನ ಫೈಲ್ ಸಂಗ್ರಹ) ಬಂದು ಅಲ್ಲಿಂದ ಎಸ್‌ಐಇಎಂಗೆ (ಲಾಗ್ ಒಟ್ಟುಗೂಡಿಸಿ ಅಲರ್ಟ್ ಕೊಡೋ ವ್ಯವಸ್ಥೆ) ಹೋಗುತ್ತೆ.

ಸದ್ಯ ಇರೋ ರೂಲ್ ಒಂದೇ ಸಾಲಿಂದು. ಈವೆಂಟ್‌ನೇಮ್ ‘ಕ್ರಿಯೇಟ್‌ಯೂಸರ್’ ಆಗಿದ್ರೆ ಅಲರ್ಟ್. ದಿನಕ್ಕೆ 30-40 ಬರುತ್ತೆ, ಬಹುಪಾಲು ಟೆರಾಫಾರ್ಮ್ (ಕೋಡ್‌ನಿಂದ ಕ್ಲೌಡ್ ವ್ಯವಸ್ಥೆ ಕಟ್ಟೋ ಉಪಕರಣ) ಮಾಡಿದ್ದು. ಪಾಳಿಯಲ್ಲಿ ಇರೋರು ತೆರೆದೂ ನೋಡದೆ ಮುಚ್ತಾರೆ, ಅವರನ್ನು ಬೈಯೋಕೂ ಆಗಲ್ಲ.

ಕೇಳ್ಬೇಕಿರೋದು ಮೂರು. ಸೃಷ್ಟಿಯ ಈವೆಂಟ್ ಒಂದನ್ನೇ ನೋಡಿ ‘ಇದು ಅನುಮಾನದ್ದು’ ಅಂತ ಹೇಳೋಕೆ ಆಗುತ್ತಾ, ಅಥವಾ ಜೊತೆಗೆ ಇನ್ನೇನು ಜೋಡಿಸ್ಬೇಕು? ಯೂಸರ್ ಏಜೆಂಟ್‌ನಲ್ಲಿ (ಕರೆ ಮಾಡೋ ಪ್ರೋಗ್ರಾಂ ತನ್ನ ಬಗ್ಗೆ ಹೇಳ್ಕೊಳ್ಳೋ ಹೆಸರು) ‘ಟೆರಾಫಾರ್ಮ್’ ಅಂತ ಇದ್ರೆ ಬಿಟ್ಟುಬಿಡೋಣ ಅಂತ ಒಬ್ಬರು ಹೇಳ್ತಿದ್ದಾರೆ, ಅದು ಸರೀನಾ? ಮೂರನೇದು, ಬೇಗ ಗೊತ್ತಾಗಲಿ ಅಂತ ನಮ್ಮ ರೀಜನ್‌ನಲ್ಲಿ (ಎಡಬ್ಲ್ಯೂಎಸ್ ಡೇಟಾ ಸೆಂಟರ್‌ಗಳ ಪ್ರದೇಶ) ಈವೆಂಟ್‌ಬ್ರಿಡ್ಜ್ (ಈವೆಂಟ್ ಬಂದ ಕೂಡಲೇ ತಿಳಿಸೋ ಸೇವೆ) ರೂಲ್ ಹಾಕಿದ್ವಿ. ಪರೀಕ್ಷೆಗೆ ಯೂಸರ್ ಮಾಡಿದ್ರೆ ಎಸ್3ನಲ್ಲಿ ಲಾಗ್ ಇದೆ, ಈವೆಂಟ್‌ಬ್ರಿಡ್ಜ್ ಮಾತ್ರ ಸುಮ್ಮನೆ ಕೂತಿದೆ. ಯಾಕೆ?

---

ಲಾಗ್‌ಹುಳು ಉತ್ತರ:

ಮೂರನೆಯದು ಸುಲಭ, ಅದನ್ನು ಮೊದಲು ಮುಗಿಸೋಣ. ಐಎಎಂ, ಅಂದರೆ ಎಡಬ್ಲ್ಯೂಎಸ್‌ನಲ್ಲಿ ಯೂಸರ್ ಮತ್ತು ಅಧಿಕಾರಗಳನ್ನು ನೋಡಿಕೊಳ್ಳುವುದು, ಜಾಗತಿಕ ಸೇವೆ. ಅದರ ಈವೆಂಟ್‌ಗಳು ನೀವು ಯಾವ ರೀಜನ್‌ನಲ್ಲಿ ಕೂತು ಕೆಲಸ ಮಾಡಿದರೂ ಯುಎಸ್-ಈಸ್ಟ್-1ರಲ್ಲೇ ದಾಖಲಾಗುತ್ತವೆ. ಈವೆಂಟ್‌ಬ್ರಿಡ್ಜ್ ರೂಲ್ ಅಲ್ಲೇ ಇರಬೇಕು. ಬೇಕಿದ್ದರೆ ಅಲ್ಲಿಂದ ನಿಮ್ಮ ರೀಜನ್‌ನ ಈವೆಂಟ್ ಬಸ್‌ಗೆ (ಈವೆಂಟ್‌ಗಳು ಬಂದು ಸೇರುವ ಜಾಗ) ಕಳಿಸಿಕೊಳ್ಳಿ. ರೂಲ್ ಪ್ರತಿ ಖಾತೆಯಲ್ಲೂ ಬೇಕು ಅನ್ನುವುದನ್ನು ಮರೆಯಬೇಡಿ. ಎಸ್3ನಲ್ಲಿ ಲಾಗ್ ಸಿಕ್ಕಿದೆ ಅಂದರೆ ನಿಮ್ಮ ಟ್ರೇಲ್ (ಲಾಗ್ ಎಲ್ಲಿಗೆ ಕಳಿಸಬೇಕೆಂಬ ಸೆಟ್ಟಿಂಗ್) ಎಲ್ಲಾ ರೀಜನ್‌ಗಳದ್ದು, ಅದು ಸರಿಯಾಗಿದೆ. ಯಾವುದಾದರೂ ಖಾತೆಯಲ್ಲಿ ಒಂದೇ ರೀಜನ್‌ನ ಹಳೆಯ ಟ್ರೇಲ್ ಉಳಿದಿದ್ದರೆ ಅದರಲ್ಲಿ 2021ರ ನವೆಂಬರ್ 22ರಿಂದ ಈಚೆಗೆ ಐಎಎಂ ಈವೆಂಟ್ ಬರುತ್ತಿರಲಿಕ್ಕಿಲ್ಲ. ಆವತ್ತು ಕ್ಲೌಡ್‌ಟ್ರೇಲ್ ನಡವಳಿಕೆ ಬದಲಾಯಿತು.

ಇನ್ನೊಂದು ಸಂಗತಿ: ಈವೆಂಟ್‌ಬ್ರಿಡ್ಜ್ ಮಾಮೂಲಿಯಾಗಿ ಓದುವ ಕರೆಗಳನ್ನು, ಅಂದರೆ ‘ಲಿಸ್ಟ್’, ‘ಗೆಟ್’, ‘ಡಿಸ್ಕ್ರೈಬ್’ ಎಂದು ಶುರುವಾಗುವವನ್ನು, ಕೊಡುವುದಿಲ್ಲ. ದಾಳಿಕೋರ ಮೊದಲು ಮನೆ ಸುತ್ತ ಓಡಾಡಿ ನೋಡುವುದು ಅವುಗಳಿಂದಲೇ. ಹಾಗಾಗಿ ಈವೆಂಟ್‌ಬ್ರಿಡ್ಜ್ ತುರ್ತು ಗಂಟೆಗೆ ಮಾತ್ರ ಇರಲಿ. ತನಿಖೆಗೆ ಎಸ್3ನ ಪೂರ್ತಿ ಲಾಗೇ ಗತಿ.

ಈಗ ಮೊದಲ ಪ್ರಶ್ನೆ. ಸೃಷ್ಟಿ ಒಂದೇ ಸಾಕ್ಷಿ ಅಲ್ಲ. ಅದಕ್ಕೆ ಎರಡು ಕಡೆಯಿಂದ ದಾರ ಕಟ್ಟಬೇಕು. ಹಿಂದಕ್ಕೆ: ಯಾರು ಮಾಡಿದರು, ಆ ಸೆಷನ್ ಎಲ್ಲಿಂದ ಬಂತು. ಮುಂದಕ್ಕೆ: ಹುಟ್ಟಿದ ಯೂಸರ್‌ಗೆ ಮೊದಲ ಒಂದು ಗಂಟೆಯಲ್ಲಿ ಏನೇನು ಸಿಕ್ಕಿತು.

ಹಿಂದಕ್ಕೆ ಹೋಗುವಾಗ ‘ಯೂಸರ್‌ಐಡೆಂಟಿಟಿ’ ಬ್ಲಾಕ್ ನೋಡಿ. ‘ಟೈಪ್’ ಫೀಲ್ಡ್ ‘ರೂಟ್’ (ಖಾತೆಯ ಮಾಲೀಕನ ಲಾಗಿನ್) ಆಗಿದ್ದರೆ ಮುಂದೆ ಯೋಚನೆ ಬೇಡ, ನೇರ ಫೋನ್ ಮಾಡಿ. ‘ಐಎಎಂಯೂಸರ್’ ಆಗಿದ್ದರೆ ಕೀ ಎಕೆಐಎ ಎಂದು ಶುರುವಾಗಿದೆಯೇ ನೋಡಿ. ಅದು ದೀರ್ಘಕಾಲದ ಕೀ, ಸೋರಿಕೆಯಾಗುವುದು ಬಹುತೇಕ ಇಂಥದ್ದೇ. ‘ಅಸ್ಯೂಮ್ಡ್‌ರೋಲ್’ (ರೋಲ್ ಎಂಬ ತಾತ್ಕಾಲಿಕ ಅಧಿಕಾರ ಪಡೆದ ಸೆಷನ್) ಆಗಿದ್ದರೆ ಕೀ ಎಎಸ್‌ಐಎ ಎಂದು ಶುರುವಾಗುತ್ತದೆ, ರೋಲ್ ಯಾವುದೆಂಬುದು ‘ಸೆಷನ್‌ಇಶ್ಯೂಯರ್’ ಒಳಗಿರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ರೋಲ್ ಸೆಷನ್ ಹೆಸರನ್ನು ಕಂಡು ‘ಓ, ಇದು ಇಂಥವರು’ ಎಂದು ತೀರ್ಮಾನಿಸುತ್ತಾರೆ. ಐಡೆಂಟಿಟಿ ಸೆಂಟರ್ (ಒಂದೇ ಲಾಗಿನ್‌ನಿಂದ ಹಲವು ಖಾತೆಗೆ ಹೋಗಲು ಬಿಡುವ ಎಡಬ್ಲ್ಯೂಎಸ್ ಸೇವೆ) ಮೂಲಕ ಬಂದ ‘ಎಡಬ್ಲ್ಯೂಎಸ್‌ರಿಸರ್ವ್ಡ್‌ಎಸ್‌ಎಸ್‌ಒ’ ರೋಲ್ ಆದರೆ ಆ ಹೆಸರನ್ನು ಸೇವೆಯೇ ಇಟ್ಟಿರುತ್ತದೆ, ನಂಬಬಹುದು. ಸಾಮಾನ್ಯ ‘ಅಸ್ಯೂಮ್‌ರೋಲ್’ನಲ್ಲಿ ಆ ಹೆಸರನ್ನು ಕರೆ ಮಾಡಿದವನೇ ಬರೆಯುತ್ತಾನೆ, ಏನು ಬೇಕಾದರೂ ಬರೆಯಬಹುದು. ನಿಜವಾದ ಮೂಲ ಬೇಕೆಂದರೆ ಆ ಎಎಸ್‌ಐಎ ಕೀಯನ್ನು ಹಿಡಿದು, ಅದೇ ಕೀ ‘ರೆಸ್ಪಾನ್ಸ್‌ಎಲಿಮೆಂಟ್ಸ್’ ಒಳಗಿನ ‘ಕ್ರೆಡೆನ್ಷಿಯಲ್ಸ್’ನಲ್ಲಿ ಕಾಣುವ ‘ಅಸ್ಯೂಮ್‌ರೋಲ್’ ಈವೆಂಟ್ ಹುಡುಕಿ. ಅಲ್ಲಿ ಇನ್ನೊಂದು ರೋಲ್ ಕಂಡರೆ ಮತ್ತೆ ಅದೇ ಕೆಲಸ, ಕೊನೆಗೆ ಒಬ್ಬ ಮನುಷ್ಯ ಅಥವಾ ಒಂದು ಯಂತ್ರ ಸಿಗುವವರೆಗೆ.

ಯಂತ್ರದ ಮಾತು ಬಂತಲ್ಲ: ಇಸಿ2 ಇನ್‌ಸ್ಟೆನ್ಸ್‌ನ (ಎಡಬ್ಲ್ಯೂಎಸ್‌ನ ಬಾಡಿಗೆ ಸರ್ವರ್) ರೋಲ್ ಬಳಸಿದಾಗ ಸೆಷನ್ ಹೆಸರು ‘ಐ-’ ಎಂದು ಶುರುವಾಗುವ ಇನ್‌ಸ್ಟೆನ್ಸ್ ಐಡಿಯೇ ಆಗಿರುತ್ತದೆ. ವೆಬ್ ಸರ್ವರ್‌ಗೆ ಹೊಸ ಯೂಸರ್ ಹುಟ್ಟಿಸುವ ಕೆಲಸವೇನು? ಅಂಥ ಕರೆ ಯಶಸ್ವಿಯಾಗಲಿ, ‘ಆಕ್ಸೆಸ್‌ಡಿನೈಡ್’ ಆಗಲಿ, ಅಲರ್ಟ್ ಆಗಲೇಬೇಕು. ವಿಫಲ ಪ್ರಯತ್ನಗಳನ್ನು ಜರಡಿಯಲ್ಲಿ ಕೆಳಗೆ ಬೀಳಿಸಬೇಡಿ. ಒಂದು ತೊಡಕಿದೆ: ನಿರಾಕರಿಸಿದ ಕರೆಗಳಲ್ಲಿ ‘ರಿಕ್ವೆಸ್ಟ್‌ಪ್ಯಾರಾಮೀಟರ್ಸ್’ ಎಷ್ಟೋ ಸಲ ಖಾಲಿ ಇರುತ್ತದೆ, ಯಾವ ಹೆಸರಿನ ಯೂಸರ್ ಮಾಡಲು ಹೊರಟಿದ್ದ ಎನ್ನುವುದನ್ನು ‘ಎರರ್‌ಮೆಸೇಜ್’ ಒಳಗಿನ ಎಆರ್‌ಎನ್‌ನಿಂದ (ಎಡಬ್ಲ್ಯೂಎಸ್‌ನಲ್ಲಿ ಪ್ರತಿಯೊಂದಕ್ಕೂ ಇರುವ ಪೂರ್ಣ ಗುರುತು) ಕಿತ್ತು ತೆಗೆಯಬೇಕು. ನಿಮ್ಮ ರೂಲ್ ಯೂಸರ್‌ನೇಮ್ ಫೀಲ್ಡ್ ಕಡ್ಡಾಯ ಎಂದು ಬರೆದಿದ್ದರೆ ಇವು ಸದ್ದಿಲ್ಲದೆ ಬಿದ್ದುಹೋಗುತ್ತವೆ.

ಮುಂದಕ್ಕೆ ಹೋಗುವಾಗ ಈ ಈವೆಂಟ್‌ಗಳನ್ನು 60 ನಿಮಿಷದ ಕಿಟಕಿಯಲ್ಲಿ ಜೋಡಿಸಿ: ‘ಕ್ರಿಯೇಟ್‌ಲಾಗಿನ್‌ಪ್ರೊಫೈಲ್’, ಅಂದರೆ ಕನ್ಸೋಲ್ ಪಾಸ್‌ವರ್ಡ್, ‘ಕ್ರಿಯೇಟ್‌ಆಕ್ಸೆಸ್‌ಕೀ’, ‘ಅಟ್ಯಾಚ್‌ಯೂಸರ್‌ಪಾಲಿಸಿ’, ‘ಪುಟ್‌ಯೂಸರ್‌ಪಾಲಿಸಿ’, ‘ಆಡ್‌ಯೂಸರ್‌ಟುಗ್ರೂಪ್’. ಕೊನೆಯ ಮೂರರ ನಡುವಿನ ವ್ಯತ್ಯಾಸ ಮುಖ್ಯ. ‘ಪುಟ್‌ಯೂಸರ್‌ಪಾಲಿಸಿ’ಯಲ್ಲಿ ಪಾಲಿಸಿಯ ಪೂರ್ತಿ ಪಠ್ಯ ಲಾಗ್‌ನಲ್ಲೇ ಇರುತ್ತದೆ, ಆದರೆ ಸ್ಟ್ರಿಂಗ್ ಒಳಗಿನ ಜೇಸನ್ ಆಗಿ, ಮತ್ತೊಮ್ಮೆ ಪಾರ್ಸ್ ಮಾಡಬೇಕು. ‘ಅಟ್ಯಾಚ್‌’ನಲ್ಲಿ ಬರೀ ಪಾಲಿಸಿಯ ಎಆರ್‌ಎನ್. ಅದು ‘ಅಡ್ಮಿನಿಸ್ಟ್ರೇಟರ್‌ಆಕ್ಸೆಸ್’ ಆದರೆ ಕಣ್ಣಿಗೆ ಬೀಳುತ್ತದೆ. ಆದರೆ ‘ರೀಡ್‌ಓನ್ಲಿ-ಟೀಮ್’ ಅಂತ ಮುಗ್ಧ ಹೆಸರಿನ ಸ್ವಂತ ಪಾಲಿಸಿ ಆದರೆ ಅದರೊಳಗೆ ಏನಿದೆ ಎಂದು ‘ಕ್ರಿಯೇಟ್‌ಪಾಲಿಸಿ’ ಅಥವಾ ‘ಕ್ರಿಯೇಟ್‌ಪಾಲಿಸಿವರ್ಷನ್’ ಈವೆಂಟ್‌ಗೆ ಹೋಗಿಯೇ ನೋಡಬೇಕು. ಗ್ರೂಪ್‌ಗೆ ಸೇರಿಸಿದರಂತೂ ಲಾಗ್‌ನಲ್ಲಿ ಪಾಲಿಸಿಯ ಸುಳಿವೇ ಇರದು. ಅಧಿಕಾರವಿರುವ ಗ್ರೂಪ್‌ಗಳ ಪಟ್ಟಿಯನ್ನು ನೀವೇ ಒಂದು ಲುಕಪ್ ಟೇಬಲ್ ಆಗಿ ಇಟ್ಟುಕೊಳ್ಳಬೇಕು.

ಜೋಡಿಸುವಾಗ ಯೂಸರ್ ಹೆಸರಿನ ಮೇಲೆ ಜೋಡಿಸಬೇಡಿ ಅಂತ ಹೇಳುವ ಆಸೆ, ಆದರೆ ಮೇಲಿನ ಈವೆಂಟ್‌ಗಳಲ್ಲಿ ಸಿಗುವುದು ಹೆಸರೇ. ಹಾಗಾಗಿ ಹೆಸರು, ಖಾತೆ ಸಂಖ್ಯೆ, ಸಮಯ ಮೂರನ್ನೂ ಸೇರಿಸಿ. ಬೇರೆ ಬೇರೆ ಖಾತೆಯಲ್ಲಿ ಒಂದೇ ಹೆಸರಿನ ಯೂಸರ್ ಇರುವುದು ಸಾಮಾನ್ಯ. ಮುಂದೆ ಆ ಯೂಸರ್ ತಾನೇ ಏನು ಮಾಡಿದ ಎಂದು ಹಿಂಬಾಲಿಸುವಾಗ ಮಾತ್ರ ಎಐಡಿಎ ಎಂದು ಶುರುವಾಗುವ ಐಡಿ ಬಳಸಿ. ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಹೆಸರು ಒಂದೇ, ಐಡಿ ಬೇರೆ.

ಎರಡನೆಯ ಪ್ರಶ್ನೆಗೆ: ಬೇಡವೇ ಬೇಡ. ಯೂಸರ್ ಏಜೆಂಟ್ ಕರೆ ಮಾಡುವವನು ಕಳಿಸುವ ಒಂದು ಸಾಲು, ಅಷ್ಟೇ. ಯಾರು ಬೇಕಾದರೂ ‘ಟೆರಾಫಾರ್ಮ್’ ಅಂತ ಬರೆದು ಕಳಿಸಬಹುದು. ವಿನಾಯಿತಿ ಕೊಡಬೇಕಿರುವುದು ಇಡೀ ದಾರಿಗೆ: ಇಂಥ ರೋಲ್‌ನ ಎಆರ್‌ಎನ್, ಅದನ್ನು ಪಡೆದದ್ದು ಇಂಥ ಪೈಪ್‌ಲೈನ್‌ನಿಂದ (ಕೋಡನ್ನು ತಾನಾಗಿ ಓಡಿಸುವ ವ್ಯವಸ್ಥೆ), ಇಂಥ ಐಪಿಯಿಂದ. ಪೈಪ್‌ಲೈನ್ ಓಐಡಿಸಿ (ಟೋಕನ್‌ನಿಂದ ಗುರುತು ತೋರಿಸುವ ಪದ್ಧತಿ) ಮೂಲಕ ರೋಲ್ ಪಡೆಯುತ್ತಿದ್ದರೆ ‘ಅಸ್ಯೂಮ್‌ರೋಲ್‌ವಿತ್‌ವೆಬ್‌ಐಡೆಂಟಿಟಿ’ ಈವೆಂಟ್‌ನ ಯೂಸರ್‌ನೇಮ್‌ನಲ್ಲಿ ಟೋಕನ್‌ನ ಸಬ್ಜೆಕ್ಟ್ ಸಿಗುತ್ತದೆ. ಯಾವ ರೆಪೊ, ಯಾವ ಬ್ರಾಂಚ್ ಎಂಬಷ್ಟು ಖಚಿತವಾಗಿ. ಐಪಿಗಿಂತ ಅದೇ ಗಟ್ಟಿ.

---

ಮೂರನೇಕಣ್ಣು ಉತ್ತರ:

ಮೇಲಿನದಕ್ಕೆ ಒಂದು ಸೇರ್ಪಡೆ. ಕ್ಲೌಡ್‌ಫಾರ್ಮೇಷನ್ (ಟೆರಾಫಾರ್ಮ್ ತರದ ಎಡಬ್ಲ್ಯೂಎಸ್‌ನ ಸ್ವಂತ ಸೇವೆ) ಮೂಲಕ ಯೂಸರ್ ಮಾಡಿದ್ರೆ ಸೋರ್ಸ್ ಐಪಿ ಜಾಗದಲ್ಲಿ ಐಪಿ ಇರಲ್ಲ, ಕ್ಲೌಡ್‌ಫಾರ್ಮೇಷನ್ ಸೇವೆಯ ಹೆಸರೇ ಇರುತ್ತೆ. ಐಪಿಗೆ ದೇಶ ಹುಡುಕೋ ರೂಲ್ ಅಲ್ಲಿ ‘ಗೊತ್ತಿಲ್ಲ’ ಅಂದು ಸುಮ್ಮನಾಗುತ್ತೆ. ಅದೇ ಸಮಯದ ‘ಕ್ರಿಯೇಟ್‌ಸ್ಟ್ಯಾಕ್’ ಅಥವಾ ‘ಅಪ್‌ಡೇಟ್‌ಸ್ಟ್ಯಾಕ್’ ನೋಡಿದ್ರೆ ಅಸಲಿ ಮನುಷ್ಯ ಸಿಗ್ತಾನೆ.

ನನ್ನ ಮಾತು ಎಂಟ್ರಾ ಬಗ್ಗೆ. ಅಲ್ಲಿ ಮೊದಲ ಸಮಸ್ಯೆ ಪತ್ತೆಯದಲ್ಲ, ಲಾಗ್ ಉಳಿಯೋದೇ ಇಲ್ಲ. ಉಚಿತ ಶ್ರೇಣಿಯಲ್ಲಿ ಆಡಿಟ್ ಲಾಗ್ 7 ದಿನ, ಪಿ1 ಅಥವಾ ಪಿ2 (ದುಡ್ಡು ಕೊಡೋ ಲೈಸೆನ್ಸ್) ಇದ್ರೆ 30 ದಿನ. ಅದಕ್ಕಿಂತ ಹೆಚ್ಚು ಬೇಕು ಅಂದ್ರೆ ಡಯಾಗ್ನೋಸ್ಟಿಕ್ ಸೆಟ್ಟಿಂಗ್ಸ್‌ನಲ್ಲಿ ಲಾಗ್ ಅನಲಿಟಿಕ್ಸ್‌ಗೋ ಸ್ಟೋರೇಜ್‌ಗೋ ಕಳಿಸ್ಬೇಕು. ಅದು ಹಾಕಿದ ದಿನದಿಂದ ಮುಂದಕ್ಕೆ ಮಾತ್ರ ಹೋಗುತ್ತೆ, ಹಿಂದಿನದು ಬರಲ್ಲ. ಸರ್ವಿಸ್ ಪ್ರಿನ್ಸಿಪಲ್ (ಅಪ್ಲಿಕೇಷನ್‌ನ ಖಾತೆ) ಸೈನ್‌ಇನ್ ಮತ್ತು ಬಳಕೆದಾರ ಎದುರಿಲ್ಲದೆ ನಡೆಯೋ ಸೈನ್‌ಇನ್ ಎರಡಕ್ಕೂ ಬೇರೆ ಬೇರೆ ಟಿಕ್ ಇದೆ. ಎಷ್ಟೋ ಕಡೆ ಮೊದಲೆರಡು ಟಿಕ್ ಹಾಕಿ ಕೈ ತೊಳ್ಕೊಂಡಿರ್ತಾರೆ.

ಇನ್ನು ಈವೆಂಟ್‌ಗಳು. ‘ಆಡ್ ಯೂಸರ್’ ಎಲ್ಲರಿಗೂ ಗೊತ್ತು. ಅತಿಥಿ ಬಂದಾಗ ‘ಇನ್‌ವೈಟ್ ಎಕ್ಸ್‌ಟರ್ನಲ್ ಯೂಸರ್’, ಅವರು ಒಪ್ಪಿದಾಗ ‘ರಿಡೀಮ್ ಎಕ್ಸ್‌ಟರ್ನಲ್ ಯೂಸರ್ ಇನ್‌ವೈಟ್’. ಮೂಲ ಸೆಟ್ಟಿಂಗ್ ಹಾಗೇ ಬಿಟ್ಟಿದ್ರೆ ಯಾವ ಉದ್ಯೋಗಿ ಬೇಕಾದ್ರೂ ಹೊರಗಿನವರನ್ನು ಕರೀಬಹುದು, ಅತಿಥಿಗಳೂ ಅತಿಥಿಗಳನ್ನು ಕರೀಬಹುದು. ಅತಿಥಿ ಖಾತೆಗೆ ರೋಲ್ ಸಿಕ್ಕಿದೆ ಅಂದ್ರೆ ಕಾರಣ ಕೇಳದೆ ಎಚ್ಚರಿಕೆ ಕೊಡೋ ರೂಲ್ ಇರಲಿ.

ಸದ್ದಿನ ದೊಡ್ಡ ಮೂಲ ಸಿಂಕ್ ಖಾತೆ. ಸ್ಥಳೀಯ ಡೈರೆಕ್ಟರಿಯಿಂದ ಯೂಸರ್‌ಗಳನ್ನು ತರೋ ಆ ಖಾತೆಯ ಹೆಸರು ‘ಸಿಂಕ್_’ ಅಂತ ಶುರುವಾಗುತ್ತೆ. ಅದನ್ನು ಹೊರಗಿಡಿ, ಆದ್ರೆ ‘ಸಿಂಕ್_ ಅಂತ ಶುರುವಾಗೋ ಎಲ್ಲ’ ಅಂತ ಬರೀಬೇಡಿ. ನಾಳೆ ಯಾರೋ ಆ ಹೆಸರಲ್ಲೇ ಒಂದು ಖಾತೆ ಮಾಡಿದ್ರೆ? ಆಬ್ಜೆಕ್ಟ್ ಐಡಿ ಹಾಕಿ.

ರೋಲ್ ಕೊಟ್ಟಿದ್ದನ್ನು ಹಿಡಿಯುವಾಗ ಬಹಳ ಜನ ಕೈ ಸುಟ್ಕೊಳ್ಳೋ ಜಾಗ ಹೇಳ್ತೀನಿ. ‘ಆಡ್ ಮೆಂಬರ್ ಟು ರೋಲ್’ ಈವೆಂಟ್‌ನಲ್ಲಿ ರೋಲ್ ಹೆಸರು ‘ಮಾಡಿಫೈಡ್‌ಪ್ರಾಪರ್ಟೀಸ್’ ಒಳಗೆ ‘ರೋಲ್.ಡಿಸ್‌ಪ್ಲೇನೇಮ್’ನ ಹೊಸ ಮೌಲ್ಯವಾಗಿ ಇರುತ್ತೆ. ಆ ಮೌಲ್ಯದ ಸುತ್ತ ಇನ್ನೊಂದು ಜೊತೆ ಉದ್ಧರಣ ಚಿಹ್ನೆ ಇರುತ್ತೆ. ‘ಗ್ಲೋಬಲ್ ಅಡ್ಮಿನಿಸ್ಟ್ರೇಟರ್’ಗೆ ಸಮ ಇದ್ಯಾ ಅಂತ ನೇರ ಹೋಲಿಸಿದ್ರೆ ಯಾವತ್ತೂ ಹೊಂದಲ್ಲ. ರೂಲ್ ಓಡುತ್ತೆ, ತಪ್ಪು ತೋರಿಸಲ್ಲ, ವರ್ಷಗಟ್ಟಲೆ ಒಂದೂ ಅಲರ್ಟ್ ಬರಲ್ಲ, ‘ನಮ್ಮಲ್ಲಿ ಎಲ್ಲ ಸುರಕ್ಷಿತ’ ಅಂತ ಎಲ್ಲರೂ ಖುಷಿಯಾಗಿರ್ತಾರೆ. ಚಿಹ್ನೆ ಟ್ರಿಮ್ ಮಾಡಿ ಆಮೇಲೆ ಹೋಲಿಸಿ. ಪಿಐಎಂ (ಬೇಕಾದಾಗ ಮಾತ್ರ ರೋಲ್ ಕೊಡೋ ಎಂಟ್ರಾ ಸೌಲಭ್ಯ) ಮೂಲಕ ರೋಲ್ ಕೊಟ್ರೆ ಕಾರ್ಯಾಚರಣೆಯ ಹೆಸರೂ ಬೇರೆ, ಗುರಿಯ ಪಟ್ಟಿಯಲ್ಲಿ ಯೂಸರ್ ಇರೋ ಸ್ಥಾನವೂ ಬೇರೆ. ಮೊದಲನೇ ಸ್ಥಾನದಲ್ಲಿ ಯೂಸರೇ ಇರ್ತಾನೆ ಅಂತ ನಂಬಿ ಬರೆದ ಕ್ವೆರಿ ರೋಲ್‌ನ ಹೆಸರನ್ನು ಯೂಸರ್ ಅಂತ ತೋರಿಸುತ್ತೆ.

ರೋಲ್ ಈವೆಂಟೇ ಇಲ್ಲದೆ ಅಧಿಕಾರ ಸಿಗೋ ದಾರಿ ಒಂದಿದೆ: ರೋಲ್ ಹಚ್ಚಿರೋ ಗ್ರೂಪ್. ಅದಕ್ಕೆ ಸೇರಿಸಿದ್ರೆ ಬರೋದು ಬರೀ ‘ಆಡ್ ಮೆಂಬರ್ ಟು ಗ್ರೂಪ್’. ಅಂಥ ಗ್ರೂಪ್‌ಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರೋದ್ರಿಂದ ಅವುಗಳ ಐಡಿ ಪಟ್ಟಿ ಮಾಡಿ, ಪ್ರತಿ ಸೇರ್ಪಡೆಗೂ ಅಲರ್ಟ್ ಇಟ್ರೂ ಹೊರೆ ಆಗಲ್ಲ.

ಇನ್ನೊಂದು, ಗ್ಲೋಬಲ್ ಅಡ್ಮಿನ್ ಒಬ್ಬರು ತಮಗೆ ತಾವೇ ಎಲ್ಲ ಅಜೂರ್ (ಮೈಕ್ರೋಸಾಫ್ಟ್ ಕ್ಲೌಡ್) ಸಬ್‌ಸ್ಕ್ರಿಪ್ಷನ್‌ಗಳ ಮೇಲೆ ಅಧಿಕಾರ ತಗೊಳ್ಳೋ ‘ಎಲಿವೇಟ್ ಆಕ್ಸೆಸ್’ ಸ್ವಿಚ್. ಅದು ಮೂಲ ಮಟ್ಟದಲ್ಲಿ ಆಗೋದು, ಸಬ್‌ಸ್ಕ್ರಿಪ್ಷನ್‌ನ ಚಟುವಟಿಕೆ ಲಾಗ್ ನೋಡ್ತಾ ಕೂತ್ರೆ ಕಾಣಲ್ಲ. ಡೈರೆಕ್ಟರಿ ಮಟ್ಟದ ಲಾಗ್ ಬೇಕು.

---

ರಾತ್ರಿಪಾಳಿ:

ಈವೆಂಟ್‌ಬ್ರಿಡ್ಜ್ ರೂಲನ್ನು ಯುಎಸ್-ಈಸ್ಟ್-1ಕ್ಕೆ ಸರಿಸಿದೆ, ಈಗ ಬರ್ತಿದೆ. ಧನ್ಯವಾದ. ಉದ್ಧರಣ ಚಿಹ್ನೆ ವಿಷಯ ನೋಡಿ ಎದೆ ಧಸಕ್ಕೆಂದಿತು, ನಮ್ಮ ರೂಲ್ ನೇರವಾಗೇ ಹೋಲಿಸ್ತಿದೆ.

ಎರಡು ಅನುಮಾನ. ಹೊಸ ಯೂಸರ್ ಮಾಡದೇ ಇದ್ದರೆ? ಇರೋ ಯೂಸರ್‌ಗೇ ಇನ್ನೊಂದು ಕೀ ಮಾಡ್ಕೊಂಡ್ರೆ ನಾವು ಕಟ್ತಿರೋ ಇದೆಲ್ಲ ವ್ಯರ್ಥ ಅಲ್ವಾ? ಇನ್ನೊಂದು, ದಿನದ ಸರಾಸರಿ ಸೃಷ್ಟಿಯ ಲೆಕ್ಕ ಇಟ್ಟು ಅದಕ್ಕಿಂತ ತುಂಬ ಮೇಲೆ ಹೋದ್ರೆ ಅಲರ್ಟ್ ಅಂತ ಎಸ್‌ಐಇಎಂನಲ್ಲಿ ಒಂದು ಸಿದ್ಧ ಮಾದರಿ ಇದೆ. ಉಪಯೋಗಕ್ಕೆ ಬರುತ್ತಾ?

---

ಕಡತಗಾರ ಉತ್ತರ:

ಸರಾಸರಿ ಲೆಕ್ಕ ಬಿಡಿ. ಒಂದು ಖಾತೆಯಲ್ಲಿ ದಿನಕ್ಕೆ ಸೊನ್ನೆ, ಸೊನ್ನೆ, ಎರಡು, ಸೊನ್ನೆ ಎಂದು ಬರುವ ಸಂಖ್ಯೆಗೆ ಸರಾಸರಿ ಮತ್ತು ವಿಚಲನೆ ಕಟ್ಟಿದರೆ, ಹೊಸ ಯೋಜನೆ ಶುರುವಾದ ದಿನ ಬೊಬ್ಬೆ ಹೊಡೆಯುತ್ತದೆ, ಕಳ್ಳ ಒಂದೇ ಒಂದು ಯೂಸರ್ ಮಾಡಿದ ದಿನ ನಿದ್ದೆ ಮಾಡುತ್ತದೆ. ದಾಳಿಕೋರನಿಗೆ ಒಂದೇ ಸಾಕು. ಎಣಿಕೆಯ ಬದಲು ‘ಮೊದಲ ಸಲ’ ಎಂಬ ಪ್ರಶ್ನೆ ಕೇಳಿ: ಈ ವ್ಯಕ್ತಿ ಅಥವಾ ರೋಲ್ ಕಳೆದ 90 ದಿನದಲ್ಲಿ ಯೂಸರ್ ಮಾಡಿದ್ದುಂಟೇ? ಈ ಖಾತೆಯಲ್ಲಿ ಐಎಎಂ ಯೂಸರ್ ಹುಟ್ಟಿದ್ದುಂಟೇ? ಈ ಎರಡಕ್ಕೂ ‘ಇಲ್ಲ’ ಎಂದು ಬಂದರೆ ಅಂಕ ಏರಿಸಿ. ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿ 90 ದಿನದ್ದು ಉಚಿತವಾಗಿಯೇ ಇರುವುದರಿಂದ ಮೊದಲ ಪಟ್ಟಿ ಕಟ್ಟಲು ಅದು ಸಾಕು.

ಅಂಕದ ಲೆಕ್ಕ ಸರಳವಾಗಿರಲಿ. ಶುರು ಮಾಡಲು ಹೀಗಿಡಬಹುದು: ಒಪ್ಪಿತ ದಾರಿಯಿಂದ ಬಂದಿಲ್ಲ ಎಂದರೆ 40, ಮಾಡಿದವರು ಮೊದಲ ಸಲ ಮಾಡುತ್ತಿದ್ದರೆ 20, ಒಂದು ಗಂಟೆಯಲ್ಲಿ ಕೀ ಅಥವಾ ಪಾಸ್‌ವರ್ಡ್ ಸಿಕ್ಕರೆ 15, ನಿರ್ವಾಹಕ ಮಟ್ಟದ ಅಧಿಕಾರ ಸಿಕ್ಕರೆ 40, ಹಿಂದಿನ 24 ಗಂಟೆಯಲ್ಲಿ ಅದೇ ಸೆಷನ್‌ನಿಂದ ಐಎಎಂ ನಿರಾಕರಣೆಗಳಿದ್ದರೆ 25. ಒಟ್ಟು 70 ದಾಟಿದರೆ ಎಬ್ಬಿಸಿ, 40ರಿಂದ 70ರ ನಡುವೆ ಬೆಳಿಗ್ಗೆ ನೋಡುವ ಸಾಲಿಗೆ. ಈ ಸಂಖ್ಯೆಗಳಲ್ಲಿ ಮಂತ್ರವೇನೂ ಇಲ್ಲ. ನಿಮ್ಮ ಹಿಂದಿನ ಒಂದು ತಿಂಗಳ ಲಾಗ್ ಮೇಲೆ ಓಡಿಸಿ ತಿದ್ದಿಕೊಳ್ಳಿ. ಇದರಲ್ಲಿ ಒಪ್ಪಿತ ಪೈಪ್‌ಲೈನ್‌ನಿಂದ ಬಂದು ನಿರ್ವಾಹಕ ಅಧಿಕಾರ ಪಡೆದ ಯೂಸರ್ ಕೂಡ 40 ಮುಟ್ಟುತ್ತದೆ ಎನ್ನುವುದನ್ನು ಗಮನಿಸಿ. ಅದು ಬೇಕೆಂದೇ ಹಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಾದರೂ ನೋಡಬೇಕಲ್ಲ.

ಸಮಯದ ಲೆಕ್ಕದಲ್ಲೂ ಜಾಗ್ರತೆ. ಕ್ಲೌಡ್‌ಟ್ರೇಲ್ ಎಸ್3ಗೆ ಲಾಗ್ ತಲುಪಿಸಲು ಸರಾಸರಿ 5 ನಿಮಿಷ ತೆಗೆದುಕೊಳ್ಳುತ್ತದೆ, ಖಾತರಿ ಇಲ್ಲ. 5 ನಿಮಿಷಕ್ಕೊಮ್ಮೆ ಓಡಿ ಹಿಂದಿನ 5 ನಿಮಿಷವನ್ನಷ್ಟೇ ನೋಡುವ ರೂಲ್ ತಡವಾಗಿ ಬಂದದ್ದನ್ನೆಲ್ಲ ಕಳೆದುಕೊಳ್ಳುತ್ತದೆ. 20-30 ನಿಮಿಷ ಹಿಂದಕ್ಕೆ ನೋಡಿ, ಈವೆಂಟ್‌ಐಡಿ ಮೇಲೆ ನಕಲು ತೆಗೆಯಿರಿ.

ಇರುವ ಯೂಸರ್‌ಗೆ ಎರಡನೇ ಕೀ: ಸರಿಯಾದ ಪ್ರಶ್ನೆ. ಮೈಟರ್‌ನ ಅಟ್ಯಾಕ್ ಪಟ್ಟಿಯಲ್ಲೂ (ದಾಳಿ ತಂತ್ರಗಳ ಸಾರ್ವಜನಿಕ ಪಟ್ಟಿ) ಇವೆರಡೂ ಬೇರೆ ಬೇರೆ ಸಾಲು: ಕ್ಲೌಡ್ ಖಾತೆ ಸೃಷ್ಟಿ ಟಿ1136.003, ಇರುವ ಖಾತೆಗೆ ಹೆಚ್ಚುವರಿ ಕ್ರೆಡೆನ್ಷಿಯಲ್ ಟಿ1098.001. ಐಎಎಂ ಯೂಸರ್‌ಗೆ ಗರಿಷ್ಠ ಎರಡು ಕೀ ಇರಬಹುದು, ಆ ಎರಡನೇ ಜಾಗ ಬಹುತೇಕ ಖಾಲಿ ಇರುತ್ತದೆ. ಹಿಡಿಯುವುದು ಹೀಗೆ: ‘ಕ್ರಿಯೇಟ್‌ಆಕ್ಸೆಸ್‌ಕೀ’ಯಲ್ಲಿ ಮಾಡಿದವರು ಒಬ್ಬರು, ‘ರಿಕ್ವೆಸ್ಟ್‌ಪ್ಯಾರಾಮೀಟರ್ಸ್’ನ ಯೂಸರ್‌ನೇಮ್ ಇನ್ನೊಬ್ಬರದ್ದು ಆಗಿದ್ದರೆ ಅಲರ್ಟ್. ಪಾಸ್‌ವರ್ಡ್ ಇಲ್ಲದ ಸರ್ವಿಸ್ ಯೂಸರ್‌ಗೆ ‘ಕ್ರಿಯೇಟ್‌ಲಾಗಿನ್‌ಪ್ರೊಫೈಲ್’ ಬಂದರೆ ಅದಕ್ಕಿಂತ ಜೋರು ಅಲರ್ಟ್. ಯಂತ್ರಕ್ಕೆ ಕನ್ಸೋಲ್ ಯಾಕೆ? ರೋಲ್‌ಗಳಲ್ಲಿ ‘ಅಪ್‌ಡೇಟ್‌ಅಸ್ಯೂಮ್‌ರೋಲ್‌ಪಾಲಿಸಿ’ ನೋಡಿ, ನಿಮ್ಮ 40ರಲ್ಲಿ ಇಲ್ಲದ 12 ಅಂಕಿಯ ಖಾತೆ ಸಂಖ್ಯೆ ಅದರೊಳಗೆ ಕಂಡರೆ ಹಿತ್ತಲ ಬಾಗಿಲಿಗೆ ಬೀಗ ತೆಗೆದಂತೆಯೇ. ಎಂಟ್ರಾದಲ್ಲಿ ಇದಕ್ಕೆ ಸಮನಾದದ್ದು ‘ಆಡ್ ಸರ್ವಿಸ್ ಪ್ರಿನ್ಸಿಪಲ್ ಕ್ರೆಡೆನ್ಷಿಯಲ್ಸ್’ ಮತ್ತು ಅಪ್ಲಿಕೇಷನ್‌ನ ಸರ್ಟಿಫಿಕೇಟ್ ಹಾಗೂ ಸೀಕ್ರೆಟ್ ಬದಲಾವಣೆಯ ಈವೆಂಟ್. ಎರಡನೆಯದರ ಹೆಸರಿನ ನಡುವೆ ಇರುವುದು ಸಾಮಾನ್ಯ ಅಡ್ಡಗೆರೆಯಲ್ಲ, ಸ್ವಲ್ಪ ಉದ್ದದ ಗೆರೆ. ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಹೊಂದುವುದಿಲ್ಲ, ಲಾಗ್‌ನಿಂದಲೇ ಕಾಪಿ ಮಾಡಿ.

ಗೂಗಲ್ ಕ್ಲೌಡ್ ಬಗ್ಗೆ ಯಾರೂ ಹೇಳಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಅಡ್ಮಿನ್ ಆಕ್ಟಿವಿಟಿ ಲಾಗ್ ಸದಾ ಚಾಲೂ, ಆರಿಸಲು ಬರುವುದಿಲ್ಲ, 400 ದಿನ ಉಳಿಯುತ್ತದೆ. ಆ ಮಟ್ಟಿಗೆ ನೆಮ್ಮದಿ. ಆದರೆ ಅಲ್ಲಿ ಮನುಷ್ಯರ ಖಾತೆ ಪ್ರಾಜೆಕ್ಟ್‌ನಲ್ಲಿ ಹುಟ್ಟುವುದೇ ಇಲ್ಲ, ವರ್ಕ್‌ಸ್ಪೇಸ್ ಅಥವಾ ಕ್ಲೌಡ್ ಐಡೆಂಟಿಟಿಯಲ್ಲಿ ಹುಟ್ಟುತ್ತದೆ. ಆ ಲಾಗ್ ಕ್ಲೌಡ್ ಲಾಗಿಂಗ್‌ಗೆ ಬರಬೇಕೆಂದರೆ ಅಡ್ಮಿನ್ ಕನ್ಸೋಲ್‌ನಲ್ಲಿ ಹಂಚಿಕೆ ಒಪ್ಪಿಗೆ ಕೊಡಬೇಕು. ಇನ್ನೂ ಮುಖ್ಯವಾದದ್ದು, ಹೊರಗಿನ ಜಿಮೇಲ್ ವಿಳಾಸವೊಂದನ್ನು ನೇರ ಐಎಎಂ ಪಾಲಿಸಿಗೆ ಸೇರಿಸಿದರೆ ಸೃಷ್ಟಿಯ ಈವೆಂಟೇ ಇರದು. ಬರುವುದು ‘ಸೆಟ್‌ಐಎಎಂಪಾಲಿಸಿ’ ಒಂದೇ. ಅದರ ‘ಪಾಲಿಸಿಡೆಲ್ಟಾ’ ಒಳಗೆ ‘ಆಡ್’ ಆದ ಸದಸ್ಯರ ಡೊಮೇನ್ ನಿಮ್ಮದಲ್ಲದಿದ್ದರೆ ಅಲರ್ಟ್ ಮಾಡಿ. ಡೊಮೇನ್ ನಿರ್ಬಂಧಿಸುವ ಆರ್ಗನೈಸೇಷನ್ ಪಾಲಿಸಿ ಹಾಕಿಬಿಟ್ಟರೆ ಅಲರ್ಟ್‌ಗಿಂತ ಒಳ್ಳೆಯದು. ಸರ್ವಿಸ್ ಅಕೌಂಟ್‌ಗಳಿಗೆ ‘ಕ್ರಿಯೇಟ್‌ಸರ್ವಿಸ್‌ಅಕೌಂಟ್’, ‘ಕ್ರಿಯೇಟ್‌ಸರ್ವಿಸ್‌ಅಕೌಂಟ್‌ಕೀ’ ಜೊತೆಗೆ ‘ಅಪ್‌ಲೋಡ್‌ಸರ್ವಿಸ್‌ಅಕೌಂಟ್‌ಕೀ’ಯನ್ನೂ ಸೇರಿಸಿ, ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಒಂದು ಸರ್ವಿಸ್ ಅಕೌಂಟ್ ವೇಷದಲ್ಲಿ ಟೋಕನ್ ಪಡೆಯುವ ಕರೆ ಮಾತ್ರ ಡೇಟಾ ಆಕ್ಸೆಸ್ ಲಾಗ್‌ನಲ್ಲಿ ಬೀಳುತ್ತದೆ, ಅದು ಮಾಮೂಲಿಯಾಗಿ ಆರಿರುತ್ತದೆ. ನೀವೇ ಹೊತ್ತಿಸಬೇಕು.

---

ಲಾಗ್‌ಹುಳು:

ಕಡತಗಾರರ ಅಂಕಪಟ್ಟಿಗೆ ಒಂದು ತಕರಾರು. ‘ಒಂದು ಗಂಟೆಯಲ್ಲಿ ಕೀ ಸಿಕ್ಕರೆ 15’ ಎಂದು ಕಿಟಕಿ ಮುಚ್ಚಿದರೆ, ಇವತ್ತು ಯೂಸರ್ ಮಾಡಿ ಹತ್ತು ದಿನ ಬಿಟ್ಟು ಕೀ ಮಾಡುವವನು ನುಣುಚಿಕೊಳ್ಳುತ್ತಾನೆ. ಒಂದು ಗಂಟೆಯದ್ದು ತುರ್ತಿಗೆ ಇರಲಿ. ಜೊತೆಗೆ 30 ದಿನದ ನಿಧಾನದ ರೂಲ್ ಒಂದನ್ನು ದಿನಕ್ಕೊಮ್ಮೆ ಓಡಿಸಿ: ಕಳೆದ 30 ದಿನದಲ್ಲಿ ಹುಟ್ಟಿದ ಯೂಸರ್‌ಗಳಲ್ಲಿ ಆಮೇಲೆ ಅಧಿಕಾರ ಹೆಚ್ಚಿದವರು ಯಾರು.

ಲಾಗ್ ಮಾತ್ರ ನಂಬಿ ಕೂರುವುದೂ ಬೇಡ. ದಿನಕ್ಕೊಮ್ಮೆ ಪ್ರತಿ ಖಾತೆಯ ಯೂಸರ್ ಪಟ್ಟಿ ತೆಗೆದು, ಒಪ್ಪಿತ ಪಟ್ಟಿಯ ಜೊತೆ ತಾಳೆ ನೋಡಿ. ಕ್ರೆಡೆನ್ಷಿಯಲ್ ರಿಪೋರ್ಟ್ (ಖಾತೆಯ ಯೂಸರ್‌ಗಳ ಕೀ, ಪಾಸ್‌ವರ್ಡ್ ಸ್ಥಿತಿಯ ಪಟ್ಟಿ) ಇದಕ್ಕೆ ಅನುಕೂಲ, ಆದರೆ ಅದು 4 ಗಂಟೆಗೊಮ್ಮೆ ಮಾತ್ರ ಹೊಸದಾಗುತ್ತದೆ. ಪಟ್ಟಿಯಲ್ಲಿ ಯೂಸರ್ ಇದ್ದಾನೆ, ಲಾಗ್‌ನಲ್ಲಿ ಅವನ ಹುಟ್ಟಿನ ದಾಖಲೆ ಇಲ್ಲ ಎಂದರೆ ತನಿಖೆಯ ವಿಷಯ ಯೂಸರ್ ಅಲ್ಲ, ನಿಮ್ಮ ಲಾಗ್ ದಾರಿ. ‘ಸ್ಟಾಪ್‌ಲಾಗಿಂಗ್’, ‘ಡಿಲೀಟ್‌ಟ್ರೇಲ್’, ‘ಅಪ್‌ಡೇಟ್‌ಟ್ರೇಲ್’, ‘ಪುಟ್‌ಈವೆಂಟ್‌ಸೆಲೆಕ್ಟರ್ಸ್’ ನಾಲ್ಕಕ್ಕೂ ಅಲರ್ಟ್ ಇದೆಯೇ ನೋಡಿಕೊಳ್ಳಿ.

---

ಮೂರನೇಕಣ್ಣು:

ಅಲರ್ಟ್ ನಿಜ ಅಂತ ಗೊತ್ತಾದ ಮೇಲಿನದ್ದೂ ಸೇರಿಸ್ತೀನಿ, ಯಾಕಂದ್ರೆ ಅಲ್ಲೇ ಹೆಚ್ಚು ತಪ್ಪು ಆಗೋದು. ಎಲ್ಲರೂ ಮೊದಲು ಮಾಡೋದು ಆ ಯೂಸರನ್ನು ಅಳಿಸೋದು. ಬೇಡಿ. ಅಳಿಸಿದ್ರೆ ಅದಕ್ಕೆ ಹಚ್ಚಿದ ಪಾಲಿಸಿ, ಕೀ ಕೊನೆಗೆ ಯಾವಾಗ ಬಳಕೆಯಾಯ್ತು ಅನ್ನೋ ಮಾಹಿತಿ ಎಲ್ಲ ಹೋಗುತ್ತೆ. ಮೊದಲು ಎಲ್ಲವನ್ನೂ ತಡೆಯೋ ಒಂದು ಇನ್‌ಲೈನ್ ಪಾಲಿಸಿ ಹಚ್ಚಿ, ಕೀಗಳನ್ನು ‘ಇನ್‌ಆಕ್ಟಿವ್’ ಮಾಡಿ, ಲಾಗಿನ್ ಪ್ರೊಫೈಲ್ ತೆಗೀರಿ, ಈ ಕ್ರಮದಲ್ಲೇ. ಯಾಕೆ ತಡೆ ಪಾಲಿಸಿ ಮೊದಲು ಅಂದ್ರೆ, ‘ಗೆಟ್‌ಫೆಡರೇಷನ್‌ಟೋಕನ್’ನಿಂದ ಪಡೆದ ಸೆಷನ್ 36 ಗಂಟೆವರೆಗೂ ಬದುಕಿರಬಹುದು, ಕೀ ಆರಿಸಿದ್ರೂ ಅದು ಸಾಯಲ್ಲ. ತಡೆ ಪಾಲಿಸಿ ಪ್ರತಿ ಕರೆಯಲ್ಲೂ ಪರಿಶೀಲನೆ ಆಗೋದ್ರಿಂದ ಆ ಸೆಷನ್‌ಗೂ ತಗಲುತ್ತೆ.

ಆಮೇಲೆ ಹುಟ್ಟಿಸಿದವರ ಕಡೆ ತಿರುಗಿ. ಹೊಸ ಯೂಸರ್ ಬರೀ ಮರಿ, ಕದ್ದ ಕ್ರೆಡೆನ್ಷಿಯಲ್ ಅವನನ್ನು ಮಾಡಿದವರದ್ದು. ರೋಲ್ ಆದ್ರೆ ಹಳೆ ಸೆಷನ್ ರದ್ದು ಮಾಡೋ ಬಟನ್ ಒತ್ತಿ, ಈ ಸಮಯಕ್ಕಿಂತ ಮೊದಲು ಕೊಟ್ಟ ಟೋಕನ್‌ಗಳನ್ನು ತಡೆಯೋ ಪಾಲಿಸಿ ತಾನೇ ಬಂದು ಕೂರುತ್ತೆ. ಅದೇ ರೋಲ್ ಬಳಸ್ತಿರೋ ಸರಿಯಾದ ಸೇವೆಗಳೂ ಒಂದು ಸಲ ಬೀಳ್ತವೆ, ಮೊದಲೇ ಹೇಳಿಟ್ಟುಕೊಳ್ಳಿ. ಕೊನೆಗೆ ಅದೇ ಎಎಸ್‌ಐಎ ಅಥವಾ ಎಕೆಐಎ ಕೀ ಮಾಡಿದ ಎಲ್ಲ ಬರೆಯೋ ಕರೆಗಳನ್ನೂ 40 ಖಾತೆಗಳಲ್ಲೂ, ಎಲ್ಲಾ ರೀಜನ್‌ಗಳಲ್ಲೂ ಹುಡುಕಿ. ಒಂದು ಯೂಸರ್ ಕಣ್ಣಿಗೆ ಬಿದ್ದಿದೆ ಅಂದ್ರೆ ಇನ್ನೊಂದು ರೋಲೋ, ಲ್ಯಾಂಬ್ಡಾನೋ (ಎಡಬ್ಲ್ಯೂಎಸ್‌ನಲ್ಲಿ ತಾನಾಗಿ ಓಡೋ ಸಣ್ಣ ಪ್ರೋಗ್ರಾಂ) ಎಲ್ಲೋ ಮೂಲೆಯಲ್ಲಿ ಕೂತಿರೋ ಸಾಧ್ಯತೆ ಇದೆ.

---

ರಾತ್ರಿಪಾಳಿ:

ಉದ್ಧರಣ ಚಿಹ್ನೆ ಟ್ರಿಮ್ ಮಾಡಿ ಹಿಂದಿನ 30 ದಿನದ ಮೇಲೆ ಓಡಿಸಿದೆ, ಆರು ರೋಲ್ ನೀಡಿಕೆ ಬಂತು. ಆರಕ್ಕೂ ಟಿಕೆಟ್ ಇದೆ. ಒಂದು ಉಳಿದಿದೆ: ಐಡೆಂಟಿಟಿ ಸೆಂಟರ್‌ನಲ್ಲಿ ಮಾಡಿದ ಪರೀಕ್ಷೆಯ ಯೂಸರ್ ಯುಎಸ್-ಈಸ್ಟ್-1ರ ರೂಲ್‌ಗೆ ಸಿಕ್ಕಿಲ್ಲ.

---

ಲಾಗ್‌ಹುಳು:

ಅದು ಐಎಎಂ ಅಲ್ಲ, ಹಾಗಾಗಿ ಸಿಗುವುದಿಲ್ಲ. ಐಡೆಂಟಿಟಿ ಸೆಂಟರ್ ಯಾವ ರೀಜನ್‌ನಲ್ಲಿ ಚಾಲೂ ಮಾಡಿದ್ದೀರೋ ಅಲ್ಲೇ ದಾಖಲಾಗುತ್ತದೆ. ಈವೆಂಟ್ ಹೆಸರು ಅದೇ ‘ಕ್ರಿಯೇಟ್‌ಯೂಸರ್’, ಆದರೆ ಈವೆಂಟ್‌ಸೋರ್ಸ್ ಬೇರೆ: ಕನ್ಸೋಲ್‌ನಿಂದ ಮಾಡಿದ್ದು ‘ಎಸ್‌ಎಸ್‌ಒ-ಡೈರೆಕ್ಟರಿ’ ಸೇವೆಯದ್ದಾಗಿ, ಎಪಿಐನಿಂದ ಮಾಡಿದ್ದು ‘ಐಡೆಂಟಿಟಿಸ್ಟೋರ್’ ಸೇವೆಯದ್ದಾಗಿ ಬರುತ್ತದೆ. ಎರಡನ್ನೂ ಸೇರಿಸಿ. ಅಧಿಕಾರ ಕೊಡುವುದು ‘ಕ್ರಿಯೇಟ್‌ಅಕೌಂಟ್‌ಅಸೈನ್‌ಮೆಂಟ್’. ಯಾವ ಖಾತೆಗೆ, ಯಾವ ಪರ್ಮಿಷನ್ ಸೆಟ್ ಎಂದು ಅದರಲ್ಲೇ ಇದೆ. ಅಂಕದ ಲೆಕ್ಕದಲ್ಲಿ ಅದನ್ನು ‘ಅಟ್ಯಾಚ್‌ಯೂಸರ್‌ಪಾಲಿಸಿ’ಯ ಜಾಗದಲ್ಲಿ ಇಡಿ.